ಕಾಲಿಬೆನಿಂಗ್‌ನ ನೀರುಗಂಟಿ

ಮಳೆ ಶುರುವಾಯಿತೆಂದರೆ ನಮ್ಮ ಬಡಾವಣೆಯ ಮಂದಿಯೆಲ್ಲ ಒಳಗೆ ಓಡುತ್ತಿದ್ದರು, ಪಾ ಕಾರ್ಸೊ ಮಾತ್ರ ಹೊರಗೆ ಬರುತ್ತಿದ್ದರು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ತಲೆಯ ಮೇಲೆ ಅಳಿಯನ ಬೇಸ್‌ಬಾಲ್ ಟೋಪಿ, ಹೆಗಲ ಮೇಲೊಂದು ಸಲಿಕೆ. ಅವರು ಛತ್ರಿ ಹಿಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ರಸ್ತೆಯ ಅಂಚಿನಲ್ಲಿ ಹರಿಯುವ ನೀರಿನ ಜತೆಗೇ ನಡೆದು, ಅದು ಎಲ್ಲಿ ನಿಂತಿತು, ಎಲ್ಲಿ ತಿರುಗಿತು, ಯಾರ ಡ್ರೈವ್‌ವೇಗೆ ನುಗ್ಗಿತು ಎಂದು ವಿಚಾರಿಸಿಕೊಳ್ಳುತ್ತಿದ್ದರು. ಚರಂಡಿಯ ಜಾಲರಿಗೆ ಕಟ್ಟಿಕೊಂಡ ಮೇಪಲ್ ಎಲೆಗಳನ್ನು ಎಳೆದುಹಾಕಿ, ನೀರು ಗುಳುಗುಳು ಎಂದು ಇಳಿಯುವುದನ್ನು ಕೇಳಿಯೇ ಮನೆಗೆ ಮರಳುತ್ತಿದ್ದರು. ನಮ್ಮ ಮಗಳು ಕಿಟಕಿಯ ಹತ್ತಿರ ನಿಂತು, "ಡ್ಯಾಡ್, ಹಿ ಈಸ್ ಔಟ್ ಅಗೇನ್" ಎಂದು ವರದಿ ಕೊಡುತ್ತಿದ್ದಳು.

ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಪಕ್ಕದ ಮನೆ ಯಾಂತಿಯದು. ಆಕೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಆಕೆಯ ಬಾಣಂತನಕ್ಕೆಂದು ಜಾವಾದಿಂದ ಬಂದ ಅಪ್ಪ ಇವರು. ಆಗಲೇ ಹೆಂಡತಿಯನ್ನು ಕಳೆದುಕೊಂಡಿದ್ದರು. ಆರು ತಿಂಗಳಿಗೆಂದು ಬಂದವರು, ಇಲ್ಲಿ ಎದೆಬಡಿತ ತಪ್ಪಿ, ಪೇಸ್‌ಮೇಕರ್ ಹಾಕಿಸಿ, ಹಾಗೆಯೇ ಉಳಿದುಬಿಟ್ಟರು. 'ಪಾ' ಎಂದರೆ ಅವರ ಕಡೆ ಅಪ್ಪ, ಯಜಮಾನರು. ನಾವೂ ಅದನ್ನೇ ಹಿಡಿದೆವು. ಊರಲ್ಲಿ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಿದಾಗ ಅವರು ಅಂಗೈಯನ್ನು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಿ ತೋರಿಸಿದರು. ನನಗೆ ತಿಳಿಯಲಿಲ್ಲ. ಕಾಲುವೆಯ ನೀರನ್ನು ಹೊಲಹೊಲಕ್ಕೆ ಹಂಚುವ ಕೆಲಸ, ಊರೇ ಆರಿಸಿ ಕೂರಿಸಿದ್ದು ಎಂದು ಯಾಂತಿ ಬಿಡಿಸಿ ಹೇಳಿದಳು. ನನ್ನ ಹೆಂಡತಿ ಸುಧಾ ಮಂಡ್ಯ ಕಡೆಯವಳು. ಅವಳಿಗೆ ಅಷ್ಟು ಸಾಕಾಯಿತು. "ಅಯ್ಯೋ, ಇವ್ರು ನಮ್ಮೂರ ನೀರುಗಂಟಿ ಕಣ್ರೀ" ಎಂದಳು. ಅಂದಿನಿಂದ ಅವಳು ಮಾಡಿದ ಪಲ್ಯದಲ್ಲಿ ಒಂದು ಪಾಲು ಬೇಲಿ ದಾಟಿ ಹೋಗತೊಡಗಿತು.

ನಾನೂ ಪಾ ಕಾರ್ಸೊ ಅವರೂ ಆಡುತ್ತಿದ್ದ ಭಾಷೆ ಯಾವುದೆಂದು ಕೇಳಿದರೆ ಹೇಳುವುದು ಕಷ್ಟ. ಅವರದು ಬಿಡಿಬಿಡಿಯಾದ ಇಂಗ್ಲಿಷು, ಉಳಿದದ್ದು ಕೈಸನ್ನೆ. ನಾನು ಬಾಗಲಕೋಟೆ ಜಿಲ್ಲೆಯವನು, ಮೂವತ್ತು ವರ್ಷದಿಂದ ಇಲ್ಲಿ ಕಾರಿನ ಭಾಗಗಳ ಅಚ್ಚು ತಯಾರಿಸುವ ಎಂಜಿನಿಯರ್. ಆದರೂ ಈಗ ನೆನೆಸಿಕೊಂಡರೆ ಅವರು ನನ್ನ ಕಿವಿಯಲ್ಲಿ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ. ಆದದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅವರ ಊರು ಕಾಲಿಬೆನಿಂಗ್, ಎಂದರೆ ತಿಳಿಹೊಳೆ. ಬೆಂಕಿಬೆಟ್ಟವೊಂದರ ಬುಡದ ಸಣ್ಣ ಹಳ್ಳಿ. ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಮೇಲಿನ ಇಳಿಜಾರಿನಲ್ಲಿ ತಂಬಾಕು, ನೀರು ಏರದ ತುಣುಕುಗಳಲ್ಲಿ ಮರಗೆಣಸು. ಕೊಯ್ಲಾದ ಗದ್ದೆಗೆ ಬಾತುಕೋಳಿಗಳ ಹಿಂಡನ್ನು ಬಿಡುತ್ತಾರೆ. ಬೆಟ್ಟ ಬೆಳಿಗ್ಗೆ ಮಾತ್ರ ಪೂರ್ತಿ ಕಾಣುತ್ತದೆ, ಹೊತ್ತೇರಿದರೆ ಮೋಡ ಹೊದ್ದುಕೊಳ್ಳುತ್ತದೆ. ಇದನ್ನೆಲ್ಲ ಅವರು ನಮ್ಮ ಡೆಕ್ಕಿನ ಮೇಲೆ ಕೂತು ಅಷ್ಟಷ್ಟಾಗಿ ಕಟ್ಟಿಕೊಟ್ಟದ್ದು. ಪಕ್ಕದೂರಿನ ಸಂತೆ ಅಲ್ಲಿ ಐದು ದಿನಕ್ಕೊಮ್ಮೆ ಬರುತ್ತದೆ. ಅವರಿಗೆ ಏಳು ದಿನದ ವಾರದ ಜತೆಗೆ ಐದು ದಿನದ ವಾರವೂ ಒಂದಿದೆ. ಮಿಶಿಗನ್ನಿನಲ್ಲಿಯೂ ಅದರ ಲೆಕ್ಕ ತಪ್ಪಿರಲಿಲ್ಲ. ಸಂತೆಯ ದಿನ ಬಂದರೆ ಬಾಟಿಕ್ ಅಂಗಿಗೆ ಇಸ್ತ್ರಿ ಮಾಡಿ ತೊಟ್ಟು, ತಲೆ ಬಾಚಿ, ನಮ್ಮ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಏನಾದರೂ ತರಬೇಕೇ ಎಂದರೆ ಇಲ್ಲ ಎನ್ನುತ್ತಿದ್ದರು. ನಾನು ಕಾರಿನಲ್ಲಿ ಕೂರಿಸಿಕೊಂಡು ತರಕಾರಿ ಅಂಗಡಿಗೋ ಹಾರ್ಡ್‌ವೇರ್ ಅಂಗಡಿಗೋ ಒಯ್ದರೆ, ಒಂದೊಂದು ಸಾಲನ್ನೂ ನಿಧಾನವಾಗಿ ಸುತ್ತಿ, ಕಂಡವರಿಗೆಲ್ಲ ತಲೆ ಬಾಗಿಸಿ, ಒಂದು ಹಿಡಿ ಹಸಿಮೆಣಸಿನಕಾಯಿ ಕೊಂಡು ಸಂತೆ ಮುಗಿಸುತ್ತಿದ್ದರು.

ನೀರು ಹಂಚುವ ಚಟ ಮಾತ್ರ ಅವರನ್ನು ಬಿಡಲಿಲ್ಲ. ಒಂದು ಬೇಸಿಗೆ ಮಳೆಯೇ ಇರಲಿಲ್ಲ. ಮೂಲೆಮನೆಯ ಗ್ಯಾರಿಯ ಲಾನಿಗೆ ದಿನಕ್ಕೆ ಎರಡು ಸಲ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಅವನ ಪಕ್ಕದ ಹೆಲೆನ್ ಅಜ್ಜಿಯ ಲಾನು ಒಣಗಿ ಹಪ್ಪಳವಾಗಿತ್ತು. ಒಂದು ಬೆಳಿಗ್ಗೆ ಪಾ ಕಾರ್ಸೊ ಗ್ಯಾರಿಯ ಸ್ಪ್ರಿಂಕ್ಲರನ್ನು ಪೈಪಿನ ಸಮೇತ ಎತ್ತಿ ಅಜ್ಜಿಯ ಅಂಗಳದಲ್ಲಿ ಇಟ್ಟುಬಂದರು. ಗ್ಯಾರಿ ನೇರವಾಗಿ ನನ್ನ ಬಾಗಿಲಿಗೆ ಬಂದು, ನಿಮ್ಮ ತಂದೆಗೆ ಸ್ವಲ್ಪ ಹೇಳಿ ಎಂದ. ಕಂದು ಬಣ್ಣದ ಮುದುಕರೆಲ್ಲ ನಮ್ಮವರೇ ಎಂದು ಅವನ ಎಣಿಕೆ. ನನಗೂ ಯಾಕೋ ತಿದ್ದುವ ಮನಸ್ಸಾಗಲಿಲ್ಲ. ಪಾ ಕಾರ್ಸೊ ಅವರನ್ನು ಕೇಳಿದರೆ ಅವರ ಮುಖದಲ್ಲಿ ಅಳುಕೇ ಇಲ್ಲ.

"ಮ್ಯಾಲಿನ ಹೊಲದಾಂವಗ ದಿನಾ ಎರಡ ಸಲ, ಕೆಳಗಿನಾಕಿಗೆ ಒಂದೂ ಇಲ್ಲ. ಇದೆಂಥಾ ಊರು ತಮ್ಮಾ?"

ಇಲ್ಲಿ ಅವರವರ ಮೀಟರಿನ ನೀರು ಅವರವರದು ಎಂದು ವಿವರಿಸಿದೆ. ಹಾಗಾದರೆ ಜಗಳವಾದರೆ ಯಾರು ಬಿಡಿಸುತ್ತಾರೆ ಎಂದು ಕೇಳಿದರು. ಪೊಲೀಸರು ಎಂದೆ. ಅವರಿಗೆ ನಿಜಕ್ಕೂ ಕನಿಕರವಾಯಿತು, ಪೊಲೀಸರ ಮೇಲೆ. ಇನ್ನು ಹೆಲೆನ್ ಅಜ್ಜಿಗಾದರೂ ಖುಷಿಯಾಯಿತೇ? ಅವಳು ಬಿಸಿಲಿಗೆ ಹಾಕಿದ್ದ ಕುರ್ಚಿಯ ಮೆತ್ತೆಗಳೆಲ್ಲ ತೊಯ್ದು ತೊಪ್ಪೆಯಾಗಿದ್ದವು. ಸಂಜೆ ಯಾಂತಿ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಎರಡು ತಟ್ಟೆ ಮಾಡಿದಳು. ಒಂದು ಗ್ಯಾರಿಗೆ, ಒಂದು ಅಜ್ಜಿಗೆ. ಪಾ ಕಾರ್ಸೊ ತಾವೇ ಒಯ್ದು ಕೊಟ್ಟು ಬಂದರು.

ಮಾರನೆಯ ವರ್ಷ ಅವರಿಗೆ ಭತ್ತ ಬೆಳೆಯುವ ಆಸೆಯಾಯಿತು. ಯಾಂತಿಯ ಹಿತ್ತಲಿನಲ್ಲಿ ಬಿಸಿಲಿಲ್ಲ, ನಮ್ಮ ಹಿತ್ತಲಿನಲ್ಲಿದೆ. ನಮ್ಮ ಮಗಳು ಚಿಕ್ಕವಳಿದ್ದಾಗ ಆಡಿದ್ದ ಪ್ಲಾಸ್ಟಿಕ್ ಈಜುಕೊಳ ಗ್ಯಾರೇಜಿನ ಅಟ್ಟದಿಂದ ಕೆಳಗಿಳಿಯಿತು. ಅದಕ್ಕೆ ಮಣ್ಣು ತುಂಬಿ, ನೀರು ಬಿಟ್ಟು, ನಾನೂ ಅವರೂ ಕಾಲಲ್ಲಿ ತುಳಿದು ಕೆಸರು ಮಾಡಿದೆವು. ಸಸಿಗಳು ಕಿಟಕಿಯ ಒಳಗೆ ಟ್ರೇಗಳಲ್ಲಿ ಎದ್ದು ನಿಂತಿದ್ದವು. ಇನ್ನೇನು ನಾಟಿ ಮಾಡಬೇಕು, ಅಷ್ಟರಲ್ಲಿ ಜೂನ್ ತಿಂಗಳ ಗಾಳಿಗೆ ನಮ್ಮ ಹಿಂದಿನ ಕಾಟನ್‌ವುಡ್ ಮರಗಳ ಅರಳೆ ಹಾರತೊಡಗಿತು. ಪಾ ಕಾರ್ಸೊ ಒಂದು ಎಳೆಯನ್ನು ಗಾಳಿಯಲ್ಲಿಯೇ ಹಿಡಿದು, ಬೆರಳಲ್ಲಿ ಹೊಸೆದು ನೋಡಿ, ಸಸಿಯ ಟ್ರೇಯನ್ನು ಕೆಳಗಿಟ್ಟರು. ಅವರ ಊರಿನಲ್ಲಿ ಬೂರುಗದ ಅರಳೆ ಹಾರಿದರೆ ಒಣಗಾಲ ಇನ್ನೂ ಮುಗಿದಿಲ್ಲ ಎಂದು ಲೆಕ್ಕ. ಆಗ ಯಾರೂ ನಾಟಿ ಮಾಡುವುದಿಲ್ಲ.

ನಾನು ಒಕ್ಕಲುತನದ ಮನೆಯಲ್ಲಿ ಹುಟ್ಟಿ ಹಾಸ್ಟೆಲಿನಲ್ಲಿ ಬೆಳೆದವನು. ಎಲ್ಲ ತಿಳಿದವನಂತೆ ಹೌದು ಹೌದು ಎಂದು ತಲೆಯಾಡಿಸಿದೆ. "ನೀರು ಬಿಡ್ತಿರೋದು ಹೋಸ್ ಪೈಪಲ್ಲಿ. ಮಳೆಗ್ಯಾಕೆ ಕಾಯ್ಬೇಕು?" ಎಂದು ಸುಧಾ ಅಡುಗೆಮನೆಯ ಕಿಟಕಿಯಿಂದ ಕೇಳಿದಳು. ನಾವಿಬ್ಬರೂ ಟ್ರೇಗಳನ್ನು ಮತ್ತೆ ಕಿಟಕಿಯ ಒಳಗೆ ಇಟ್ಟೆವು. ಅರಳೆ ಹಾರುವುದು ಪೂರ್ತಿ ನಿಂತ ಮೇಲೆಯೇ, ಜುಲೈ ಹತ್ತಿರ ಬಂದಾಗ ನಾಟಿಯಾಯಿತು.

ಪೈರು ಚೆನ್ನಾಗಿಯೇ ಬಂತು. ಸೆಪ್ಟೆಂಬರಿನಲ್ಲಿ ತೆನೆ ಹೊರಟಿತು. ಅವರು ದಿನವೂ ಒಂದು ಕಾಳನ್ನು ಹಿಚುಕಿ ಒಳಗಿನ ಹಾಲನ್ನು ನನಗೆ ತೋರಿಸುತ್ತಿದ್ದರು. ಸುಗ್ಗಿಗೆ ಮೊದಲು ಗದ್ದೆಯ ಮೂಲೆಯಲ್ಲಿ ಭತ್ತದ ತಾಯಿಗೆ ಅನ್ನ, ಮೊಟ್ಟೆ, ಮೆಣಸಿನಕಾಯಿ ಇಡಬೇಕು ಎಂದರು. ಅವರು ಐದು ಹೊತ್ತು ನಮಾಜು ಮಾಡುವವರು, ಆದರೆ ಅವರ ಹಳ್ಳಿಯಲ್ಲಿ ಆ ತಾಯಿಯನ್ನು ಯಾರೂ ಬಿಟ್ಟಿಲ್ಲ. ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿ ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲುವುದನ್ನು ನಾನು ಹೇಳಿದೆ. ಕಡುಬು, ಭರ್ತ, ಪುಂಡಿಪಲ್ಯ ಎಂದು ಹೆಸರು ಹೇಳುವಾಗಲೇ ಬಾಯಲ್ಲಿ ನೀರೂರಿತು. ಎರಡನ್ನೂ ಕೂಡಿಸಿ ಮಾಡುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಅಕ್ಟೋಬರಿನ ಒಂದು ಬೆಳಿಗ್ಗೆ ಥರ್ಮಾಮೀಟರು ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದ ಇಪ್ಪತ್ತೆಂಟು ಡಿಗ್ರಿಗೆ, ನೀರು ಹೆಪ್ಪುಗಟ್ಟುವ ಚಳಿಗೆ ಇಳಿದಿತ್ತು. ತೆನೆಗಳೆಲ್ಲ ಸುಟ್ಟಂತೆ ಬೆಳ್ಳಗಾಗಿ ನಿಂತಿದ್ದವು. ಆ ಮೂರು ವಾರ ಕಾಯದೆ ಇದ್ದಿದ್ದರೆ ಕಾಳು ಗಟ್ಟಿಯಾಗುತ್ತಿತ್ತೋ ಏನೋ.

ಅವರು ಅಳಿಯನ ದೊಗಳೆ ಜಾಕೆಟ್ಟಿನಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಮರ ಮೋಸ ಮಾಡಿತು ಎಂದು ನಾನು ಸಮಾಧಾನಕ್ಕೆ ಅಂದೆ.

"ಗಿಡದ್ದೇನು ತಪ್ಪಿಲ್ಲ" ಎಂದರು. "ಈ ಊರ ಗಿಡ ಈ ಊರಿನವರಿಗೆ ಹೇಳಾಕ ಹತ್ತಿತ್ತು. ನಾ ನಡುವ ಹೊಕ್ಕೆ. ಇಲ್ಲಿ ನನಗ ಗಾಳಿ ತಿಳಿಯಂಗಿಲ್ಲ, ಹಕ್ಕಿ ತಿಳಿಯಂಗಿಲ್ಲ. ಹಿಂಗ ಏನೂ ತಿಳೀದ ಸಾಯಾಕ ನನಗ ಅಂಜಿಕಿ ಆಗತೈತಿ. ನನ್ನ ಊರಿಗೆ ಕಳಸು ಅಂತ ಯಾಂತಿಗೆ ಹೇಳು, ತಮ್ಮಾ. ನಾ ಹೇಳಿದ್ರ ಅಳತಾಳ."

ಯಾಂತಿ ನಾನು ಹೇಳಿದಾಗಲೂ ಅತ್ತಳು. ಆ ಹಳ್ಳಿಯಿಂದ ಆಸ್ಪತ್ರೆಗೆ ಎರಡು ಗಂಟೆಯ ದಾರಿ. ಮಳೆಗಾಲದಲ್ಲಿ ಗುಡ್ಡ ಜರಿದು ಆ ದಾರಿಯೂ ಮುಚ್ಚುತ್ತದೆ. ಎದೆಯಲ್ಲಿ ಯಂತ್ರವಿಟ್ಟುಕೊಂಡ ಅಪ್ಪನನ್ನು ಅಲ್ಲಿಗೆ ಕಳಿಸಿದರೆ ನಾನೇ ಕೊಂದಂತೆ ಎಂದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಅದನ್ನು ನಾನು ಅಲ್ಲಿಯವರೆಗೆ ಈ ದೇಶದಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ನಮಗೆ ಗುಡ್ಡದ ಮೇಲೆ ಹೊಸ ಜಾಗ ಕೊಟ್ಟರು, ಮನೆ ಕಟ್ಟಿಕೊಂಡೆವು. ಆದರೆ ನಮ್ಮಪ್ಪ ದಿನವೂ ಸಂಜೆ ಹಿನ್ನೀರಿನ ದಂಡೆಗೆ ಹೋಗಿ, ಅಕಾ ಅಲ್ಲಿ ನಮ್ಮ ಬಾವಿ, ಅಲ್ಲಿ ಹನುಮಪ್ಪನ ಗುಡಿ ಎಂದು ಬರೀ ನೀರಿನ ಕಡೆಗೆ ಕೈ ಮಾಡಿ ತೋರಿಸುತ್ತಿದ್ದ. ಸಾಯುವವರೆಗೂ ತೋರಿಸಿದ.

"ನಮ್ಮಪ್ಪಗ ಹೋಗ್ತೀನಂದ್ರೂ ಊರ ಇರಲಿಲ್ಲ. ನಿಮ್ಮಪ್ಪಗ ಇನ್ನೂ ಐತಿ" ಎಂದೆ. ಇಂಗ್ಲಿಷಿನಲ್ಲಿಯೇ ಅಂದಿರಬೇಕು. ಆದರೆ ನನ್ನೊಳಗೆ ಅದು ಹೀಗೆಯೇ ಇದೆ.

ಯಾಂತಿ ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಂದು, ಅಪ್ಪನ ಪಾಸ್‌ಪೋರ್ಟಿನ ಅವಧಿ ಮುಗಿದಿದೆ, ಶಿಕಾಗೋದಲ್ಲಿರುವ ನಮ್ಮ ದೇಶದ ಕಾನ್ಸುಲೇಟಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು.

ಐ-94ರಲ್ಲಿ ಶಿಕಾಗೋಗೆ ಐದು ಗಂಟೆ. ರಸ್ತೆಯ ಎರಡೂ ಕಡೆ ಕೊಯ್ಲಾದ ಮೆಕ್ಕೆಜೋಳದ ಹೊಲಗಳು. ಹೊಲದಲ್ಲಿ ಮಂದಿ ಎಲ್ಲಿ ಎಂದು ಅವರು ಆಗಾಗ ಕೇಳುತ್ತಿದ್ದರು. ಕಲಮಜೂ ದಾಟಿದ ಮೇಲೆ, ನಿನ್ನ ಊರಿನ ಕಥೆಯನ್ನು ಯಾಂತಿ ಹೇಳಿದಳು ಎಂದರು.

"ನೀರು ಹೊಲಕ್ಕ ಬರಬೇಕು, ತಮ್ಮಾ. ಹೊಲ ನೀರಿಗೆ ಹೋಗಬಾರದು" ಎಂದು, ನೀರು ಹಂಚುವ ಮಂದಿಯಲ್ಲಿ ತಾವೂ ಒಬ್ಬರು, ಆದ್ದರಿಂದ ಅವರೆಲ್ಲರ ಪರವಾಗಿ ತಮ್ಮನ್ನು ಕ್ಷಮಿಸಬೇಕು ಎಂದರು. ಜಗತ್ತಿನಲ್ಲಿ ಎಲ್ಲಿಯ ನೀರು ತಪ್ಪು ಮಾಡಿದರೂ ಈ ಮನುಷ್ಯನೇ ಉತ್ತರ ಹೇಳಬೇಕೇನು! ನನಗೆ ನಗು ಬರಬೇಕಾಗಿತ್ತು. ಬಂದದ್ದು ಅಳು. ಮುಂದಿನ ಎಕ್ಸಿಟ್ ತೆಗೆದುಕೊಂಡು, ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಮುಖ ತೊಳೆದುಕೊಂಡು ಬಂದೆ. ನಮ್ಮೂರು ಮುಳುಗಿದಾಗ ಯಾರೂ ನಮ್ಮನ್ನು ಕ್ಷಮೆ ಕೇಳಿರಲಿಲ್ಲ.

ನವೆಂಬರಿನಲ್ಲಿ ಅವರನ್ನು ಡೆಟ್ರಾಯಿಟ್ ವಿಮಾನ ನಿಲ್ದಾಣಕ್ಕೆ ಬಿಟ್ಟೆವು. ಆವತ್ತು ಅವರ ಸಂತೆಯ ದಿನವಲ್ಲದಿದ್ದರೂ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟಿದ್ದರು. ಸುಧಾ ಕಾಲು ಮುಟ್ಟಿ ನಮಸ್ಕರಿಸಿದಳು. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಆಮೇಲೆ ತಮ್ಮ ಎದೆಗೆ ಮುಟ್ಟಿಸಿಕೊಂಡರು. ನಾವು ಭೇಟಿಯಾದದ್ದು ಅದೇ ಕೊನೆ. ಅವರನ್ನು ಕಳಿಸಿದ್ದು ನಾನೇ ಎಂದು ನನಗೆ ಗೊತ್ತಿತ್ತು. ಆದರೂ ಹಲವು ದಿನ ಅವರ ಮೇಲೆಯೇ ಸಿಟ್ಟು ಬರುತ್ತಿತ್ತು.

ತಿಂಗಳಾದ ಮೇಲೆ ಯಾಂತಿ ಫೋನು ಹಿಡಿದುಕೊಂಡು ಓಡಿ ಬಂದಳು. ಅವರ ಊರಿನಲ್ಲಿ ನಾಟಿಗೆ ಮೊದಲು ಎಲ್ಲರೂ ಕೂಡಿ ಚಾಪೆಯ ಮೇಲೆ ಕೂತು, ಪ್ರಾರ್ಥನೆ ಮಾಡಿ ಉಣ್ಣುತ್ತಾರೆ. ಏಳುವಾಗ ಪ್ರತಿಯೊಂದು ಮನೆಗೂ ಬಾಳೆಎಲೆಯಲ್ಲಿ ಅನ್ನದ ಪೊಟ್ಟಣ ಕಟ್ಟಿಕೊಡುತ್ತಾರೆ. ಒಂದು ಒಲೆಗೆ ಒಂದು ಪೊಟ್ಟಣ, ಹೆಚ್ಚಿಲ್ಲ, ಕಡಿಮೆಯಿಲ್ಲ. ಊರಿನವರಲ್ಲದವರಿಗೆ ಊಟ ಹಾಕುತ್ತಾರೆ, ಪೊಟ್ಟಣ ಕಟ್ಟುವುದಿಲ್ಲ. ಪರದೆಯ ಮೇಲೆ ಪಾ ಕಾರ್ಸೊ ಒಂದು ಪೊಟ್ಟಣವನ್ನು ಎತ್ತಿ ಹಿಡಿದಿದ್ದರು. ಹಿಂದೆ ಕೂತವರೆಲ್ಲ ಅವರನ್ನು ಏನೋ ಕೇಳುತ್ತಿದ್ದರು. ಈ ಹೆಚ್ಚಿನ ಪೊಟ್ಟಣ ಯಾರ ಮನೆಗೆ ಎಂದು ಕೇಳುತ್ತಿದ್ದಾರೆ ಎಂದು ಯಾಂತಿ ಹೇಳಿದಳು. ಅವರು ಉತ್ತರ ಕೊಟ್ಟರು. ಅಷ್ಟೂ ಜನ ತಿರುಗಿ ಪರದೆಯ ಕಡೆಗೆ, ನನ್ನ ಕಡೆಗೆ ನೋಡಿದರು.

"ಏನಂದರು?" ಎಂದು ಕೇಳಿದೆ.

ಯಾಂತಿ ಹೇಳಿದಳು. ಇವನ ಊರನ್ನು ನೀರು ಒಯ್ದಿದೆ, ಊರಿಲ್ಲದೆ ಮನುಷ್ಯ ಇರಬಾರದು, ಅದಕ್ಕೆ ಇವನ ಒಲೆಯನ್ನು ನಮ್ಮ ಲೆಕ್ಕಕ್ಕೆ ಹಿಡಿಯಿರಿ ಎಂದರಂತೆ.

ಇಷ್ಟು ವರ್ಷ ಯಾರಾದರೂ ನಿಮ್ಮೂರು ಯಾವುದು ಎಂದು ಕೇಳಿದರೆ ನಾನು ಜಿಲ್ಲೆಯ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅಂದು ನಾನು ಎಂದೂ ನೋಡದ, ಇನ್ನು ನೋಡುತ್ತೇನೋ ಇಲ್ಲವೋ ತಿಳಿಯದ ಒಂದು ಹಳ್ಳಿ ನನ್ನದಾಯಿತು.

ಪಾ ಕಾರ್ಸೊ ಅಲ್ಲಿ ಎರಡು ಮಳೆಗಾಲ ನೀರು ನೋಡಿಕೊಂಡರು. ಈ ವರ್ಷ ನಾಟಿ ಮುಗಿದ ವಾರ, ಬದುವಿನ ಮೇಲೆ ಕೂತವರು ಏಳಲಿಲ್ಲ. ಯಾಂತಿ ಹೊರಟು ಹೋಗಿ, ಏಳನೆಯ ದಿನದ ಊಟ ಮುಗಿಸಿಕೊಂಡು ಬಂದಳು. ಬಂದವಳು ಕೋಟು ಕೂಡ ತೆಗೆಯದೆ ನಮ್ಮ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಊಟದ ಮೇಲೆ ಹೆಂಗಸರು ಮನೆಮನೆಯ ಪೊಟ್ಟಣ ಕಟ್ಟಿದರಂತೆ, ಕೊನೆಗೆ ಒಂದು ಉಳಿಯಿತಂತೆ. ಈ ಸಲ ಅದು ಯಾರ ಮನೆಯದೆಂದು ಯಾರೂ ಕೇಳಲಿಲ್ಲವಂತೆ.