ಮರದ ಆಚೆಯ ಗೋಲು

ಮೊನ್ನೆ ತರಕಾರಿ ಚೀಲ ಇಡಲೆಂದು ಕಾರಿನ ಡಿಕ್ಕಿ ತೆರೆದರೆ ನೋವಿನ ಸ್ಪ್ರೇಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಬ್ಬಿಯೊಂದು ಮಲೇಷ್ಯಾದ ಈ ಮೆಲಾಕಾ ಊರಿನ ಬಿಸಿಲಿಗೆ ಸೋರಿಹೋಗಿತ್ತು. ಮನೆ ತಲುಪುವಷ್ಟರಲ್ಲಿ ಸೊಪ್ಪಿನ ಕಟ್ಟಿಗೂ ಅದೇ ವಾಸನೆ ಹತ್ತಿತು. ಎಷ್ಟು ತೊಳೆದರೂ ಹೋಗಲಿಲ್ಲ. ಅಂದಿನ ಸಾರು ಆಟಗಾರನ ಮೊಣಕಾಲಿನಂತೆ ಘಮಘಮಿಸಿತು. ಮಗಳು ತಟ್ಟೆ ಸರಿಸಿ, "ಅಮ್ಮಾ, ದಿಸ್ ಈಸ್ ಮೆಡಿಸಿನ್," ಎಂದಳು.

ಪೆಥಾಲಜಿ ಕಲಿಸುವವಳ ಕಾರಿನಲ್ಲಿ ಅಂಥ ಸ್ಪ್ರೇ ಏಕೆ ಎಂದು ನೀವು ಕೇಳಬಹುದು. ನನ್ನ ರೋಗಿಗಳೆಲ್ಲ ಗಾಜಿನ ಸ್ಲೈಡಿನ ಮೇಲೆ ತಣ್ಣಗೆ ಮಲಗಿರುವವರು. ಅವರ ಕಾಲು ಉಳುಕುವುದಿಲ್ಲ. ಡಬ್ಬಿಯ ಕಥೆ ಹೇಳಬೇಕಾದರೆ ಬಲ್ಲಾಳ ಸರ್ ಅವರ ಕಥೆ ಹೇಳಬೇಕು.

ಸರ್ ಉಡುಪಿಯವರು. ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಮೂಳೆ ವಿಭಾಗದ ಪ್ರೊಫೆಸರ್ ಆಗಿದ್ದರು. ನಾನು ಮೈಸೂರಿನಿಂದ ಇಲ್ಲಿಗೆ ಬಂದ ಹೊಸತರಲ್ಲಿ ಚಹಾ ಕೋಣೆಯಲ್ಲಿ ಕನ್ನಡ ಮಾತಾಡುವವರು ಅವರೊಬ್ಬರೇ. ಅವರೋ ಫುಟ್‌ಬಾಲ್ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಕನ್ನಡ ಕೇಳಬೇಕೆಂದರೆ ಫುಟ್‌ಬಾಲ್ ಕೇಳಬೇಕು, ಅಷ್ಟೇ. ಮೊದಮೊದಲು ಭಾಷೆಯ ಆಸೆಗೆ ಕೇಳಿದೆ. ಆಮೇಲೆ ಆಟದ ಆಸೆಗೆ ಕೇಳತೊಡಗಿದೆ. ವರ್ಷ ಕಳೆಯುವುದರೊಳಗೆ ಕಾಲೇಜು ತಂಡದ ಪಂದ್ಯವಿದ್ದ ದಿನ ಮನೆಯಲ್ಲಿ ಅಡುಗೆ ಬೇಗ ಮುಗಿಯತೊಡಗಿತು. ಐಟಿ ಕೆಲಸದ ನನ್ನ ಗಂಡ ಇದನ್ನೊಂದು ಸೋಂಕು ಎಂದು ಕರೆಯುತ್ತಿದ್ದರು. ಆಗಿನ್ನೂ ಆ ಪದ ತಮಾಷೆಯಾಗಿತ್ತು.

ಸರ್ ಕೂತಲ್ಲಿ ಕೂರುವ ಆಸಾಮಿಯಲ್ಲ. ಪಂದ್ಯ ನೋಡುವಾಗ ಅವರ ಬಲಗಾಲು ತಾನೇ ತಾನಾಗಿ ಒದೆಯುತ್ತಿತ್ತು. ಅವರ ಮುಂದಿನ ಸಾಲಿನ ಕುರ್ಚಿ ಯಾವಾಗಲೂ ಖಾಲಿ ಇರುತ್ತಿದ್ದುದು ಅದೇ ಕಾರಣಕ್ಕೆ. ಪಂದ್ಯ ಮುಗಿದ ಮೇಲೆ ನಾವೊಂದಷ್ಟು ಜನ ಪಕ್ಕದ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಹಿಡಿದು ಜಗಳಕ್ಕೆ ಕೂರುತ್ತಿದ್ದೆವು. ಯಾರು ಪಾಸ್ ಕೊಡಬೇಕಿತ್ತು, ಕೋಚ್ ಯಾರನ್ನು ಕೂರಿಸಬೇಕಿತ್ತು ಎಂಬ ಜಗಳ ಅಂಗಡಿಯವನು ಮೇಜು ಮಡಚಿಡುವವರೆಗೂ ನಡೆಯುತ್ತಿತ್ತು.

ಆಮೇಲೆ ಸೋಂಕಿನ ಕಾಲ ಬಂತು. ಮೈದಾನಕ್ಕೆ ಬೀಗ ಬಿತ್ತು. ಮಾಮಕ್ ಅಂಗಡಿಯಲ್ಲಿ ಕೂರುವ ಹಾಗಿಲ್ಲ, ತಪಾವ್ ಮಾಡಿಸಿಕೊಂಡು ಪೊಟ್ಟಣ ಹಿಡಿದು ಹೊರಡಬೇಕು. ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳು ನಿಂತುಹೋಗಿ ಬಲ್ಲಾಳ ಸರ್ ಕೈಗೆ ಕೆಲಸವಿಲ್ಲ. ನನಗೋ ಸ್ವಾಬ್ ಪರೀಕ್ಷೆಯ ಲ್ಯಾಬಿನಲ್ಲಿ ಉಸಿರಾಡಲು ಬಿಡುವಿಲ್ಲ. ಊರಿಗೆ ವಿಮಾನವಿಲ್ಲ. ಎಲ್ಲರೊಳಗೂ ಏನೋ ಕುದಿಯುತ್ತಿತ್ತು, ಉಕ್ಕಲು ಜಾಗವಿರಲಿಲ್ಲ. ಹೀಗಿರುವಾಗ, ಪ್ರೇಕ್ಷಕರಿಲ್ಲದೆ ಕಾಲೇಜುಗಳ ಲೀಗ್ ಆಡಿಸಬಹುದೆಂದು ಅನುಮತಿ ಬಂತು. ಎಲ್ಲ ಪಂದ್ಯಗಳೂ ನಮ್ಮ ಮೈದಾನದಲ್ಲೇ. ಆದರೆ ನಾವ್ಯಾರೂ ಒಳಗೆ ಹೋಗುವಂತಿಲ್ಲ.

ಮಾಮಕ್ ಅಂಗಡಿಯ ಜಗಳ ವಾಟ್ಸಾಪ್ ಗುಂಪಿಗೆ ಬಂತು. ಆದರೆ ಜಗಳಕ್ಕೂ ಸರಕು ಬೇಕಲ್ಲ. ಆಟ ಕಂಡವರಿಲ್ಲ. ನಮಗಿದ್ದದ್ದು ಗುಣಶೇಖರನ್ ಎಂಬವರ ವರದಿ ಮಾತ್ರ. ಅವರು ಊರಿನ ಪತ್ರಿಕೆಯೊಂದರಲ್ಲಿ ಕ್ರೀಡಾ ವರದಿಗಾರರಾಗಿದ್ದವರು. ಕೆಲಸ ಹೋದ ಮೇಲೆ ತಾವೇ ಒಂದು ಫೇಸ್‌ಬುಕ್ ಪುಟ ತೆರೆದು ಬರೆಯುತ್ತಿದ್ದರು. ಪಂದ್ಯ ಮುಗಿದ ಸಂಜೆ ನಾವೆಲ್ಲ ಆ ಪುಟವನ್ನೇ ಕಾಯುತ್ತಿದ್ದೆವು. ಓದಿದ ಮರುಕ್ಷಣ ಬಯ್ಯುತ್ತಿದ್ದೆವು.

ಬೈಗುಳಕ್ಕೆ ಕಾರಣವೂ ಇತ್ತು. ನಮ್ಮವರು ಹೊಡೆದ ಗೋಲಿಗೆ ಒಂದು ಸಾಲು, ನಮ್ಮ ಮೇಲೆ ಬಿದ್ದ ಗೋಲಿಗೆ ಒಂದು ಪ್ಯಾರಾ. ಅದರಲ್ಲೂ ನಮ್ಮ ಗೋಲ್‌ಕೀಪರ್ ಹಕೀಮ್ ಮೇಲೆ ಅವರಿಗೇನೋ ಹಗೆ ಇದ್ದಂತೆ ತೋರುತ್ತಿತ್ತು. ಹಕೀಮ್ ಮೂರನೆಯ ವರ್ಷದ ವಿದ್ಯಾರ್ಥಿ, ಮಿತಭಾಷಿ. ಡ್ರಾ ಆದ ಒಂದು ಪಂದ್ಯದ ವರದಿಯಲ್ಲಿ, ಮೊದಲರ್ಧದಲ್ಲಿ ಅವನು ದೀಪದ ಕಂಬದಂತೆ ನಿಂತು ಗೋಲು ಬಿಟ್ಟುಕೊಟ್ಟನೆಂದು ವಿಸ್ತಾರವಾಗಿ ಬರೆದು, ಕೊನೆಗೆ "ಎರಡನೆಯ ಅರ್ಧದಲ್ಲಿ ಎದುರಾಳಿಗಳಿಗೆ ಒಂದು ಪೆನಾಲ್ಟಿ ತಪ್ಪಿತು" ಎಂದು ಮುಗಿಸಿದ್ದರು. ಗುಂಪಿನಲ್ಲಿ ಬೆಂಕಿ ಹತ್ತಿತು. ಅರ್ಧ ಜನ ಹಕೀಮ್‌ನನ್ನು ಹೊರಗೆ ಕೂರಿಸಿ ಎಂದರು, ಅರ್ಧ ಜನ ಗುಣಶೇಖರನ್ ಅವರನ್ನು ಕೂರಿಸಿ ಎಂದರು. ನಾನು ಮೊದಲ ಪಂಗಡ. ಮೂವತ್ತು ವರ್ಷ ಆಟ ನೋಡಿದ ಮನುಷ್ಯ ಸುಮ್ಮನೆ ಬರೆಯುತ್ತಾನೆಯೇ ಎಂಬುದು ನನ್ನ ವಾದ. ಕಾಡುವ ಇನ್ನೊಂದು ಸಂಗತಿಯೂ ಇತ್ತು. ತಂಡವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಆಡಳಿತದವರು ಯೋಚಿಸುತ್ತಿದ್ದಾರೆಂಬ ಸುದ್ದಿ ಹರಿದಾಡುತ್ತಿತ್ತು. ಅವರೂ ಓದುವುದು ಅದೇ ಪುಟವನ್ನೇ.

ಮರುದಿನ ಬಲ್ಲಾಳ ಸರ್ ಲ್ಯಾಬಿನ ಬಾಗಿಲಿಗೇ ಬಂದರು. ಎರಡು ಮಾಸ್ಕಿನ ಹಿಂದಿನಿಂದಲೂ ಸಿಟ್ಟು ಕಾಣುತ್ತಿತ್ತು. ಹಕೀಮ್ ಬಾತುಕೊಂಡ ಬೆರಳು ಹಿಡಿದುಕೊಂಡು ಅವರ ಹತ್ತಿರ ಹೋಗಿದ್ದನಂತೆ.

"ಆ ಗುಣಶೇಖರನ್ ಸುಳ್ಳು ಬರೀತಾನೆ ಮಾರಾಯ್ತಿ. ಚೆಂಡು ಬದಿಯಿಂದ ಹೋದ್ರೆ ಬೆರಳು ಹೀಗೆ ಬಾತುಕೊಳ್ಳುದಿಲ್ಲ. ತಾಗಿದ್ರೆ ಮಾತ್ರ ಬಾತುಕೊಳ್ಳುದು. ಪೆನಾಲ್ಟಿ ತಪ್ಪಿದ್ದಲ್ಲ, ಹುಡುಗ ತಡೆದದ್ದು."

"ಅವನೇ ಹೇಳಿದ್ನಾ ಸರ್?"

"ಕೇಳಿದ ಮೇಲೆ ಹೇಳಿದ. ನಾವು ಯಾರೂ ಕೇಳ್ಲೇ ಇಲ್ಲ ನೋಡು."

ಮುಂದಿನ ಪಂದ್ಯದ ಸಂಜೆ ಗುಣಶೇಖರನ್ ಅವರನ್ನು ಮುಖತಃ ಕೇಳುವುದೆಂದು ತೀರ್ಮಾನವಾಯಿತು. ಸರ್ ಫೋನ್ ಮಾಡಿ ಎಲ್ಲಿ ಸಿಗುತ್ತೀರಿ ಎಂದು ಕೇಳಿದರೆ, ಅವರು ಮೈದಾನದ ಪಕ್ಕದ ವ್ಯಾಪಾರ ಸಂಕೀರ್ಣದ ಕಾರ್ ಪಾರ್ಕಿಂಗಿನ ಮೇಲ್ಮಹಡಿಗೆ ಬನ್ನಿ ಎಂದರು. ನಮಗೆ ಅರ್ಥವಾಗಲಿಲ್ಲ. ಸರ್ ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬೈಗುಳ ಅಭ್ಯಾಸ ಮಾಡಿದರು. ಒಂದು ವಾಕ್ಯದ ವ್ಯಾಕರಣವನ್ನು ನಾನೇ ತಿದ್ದಿಕೊಟ್ಟೆ.

ಮೇಲೆ ಒಂದು ಕಾರೂ ಇರಲಿಲ್ಲ. ಮೋಟುಗೋಡೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದರು. ಸ್ವಂತ ಪುಟದವರಿಗೆ ಮೈದಾನದೊಳಗೆ ಪ್ರವೇಶವಿಲ್ಲವಂತೆ. ಲೀಗ್ ಶುರುವಾದಾಗಿನಿಂದ ಅವರು ಅಲ್ಲಿಂದಲೇ ನೋಡಿ ಬರೆಯುತ್ತಿದ್ದರು. ಕೆಳಗೆ ಈಚೆಯ ಗೋಲು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆಚೆಯ ಗೋಲಿನ ಮೇಲೆ ದೊಡ್ಡ ಮಳೆಮರವೊಂದು ಛತ್ರಿಯಂತೆ ಹರಡಿ, ಅರ್ಧ ಮೈದಾನವನ್ನೇ ಮುಚ್ಚಿತ್ತು.

ಬಲ್ಲಾಳ ಸರ್ ಗೋಡೆಯ ಈ ತುದಿಗೆ ಹೋದರು, ಆ ತುದಿಗೆ ಹೋದರು, ತುದಿಗಾಲಲ್ಲಿ ನಿಂತರು. ಎಲ್ಲಿಂದ ನೋಡಿದರೂ ಮರ ಮರವೇ. ಹಕೀಮ್ ಪೆನಾಲ್ಟಿ ತಡೆದದ್ದು ಆ ಎಲೆಗಳ ಆಚೆ. ಎರಡನೆಯ ಅರ್ಧದಲ್ಲಿ ಅವನು ತಡೆದದ್ದೆಲ್ಲವೂ ಆಚೆಯೇ. ಆ ಭಾಗದ ಸಂಗತಿಯನ್ನು ಗುಣಶೇಖರನ್ ಆಟ ಮುಗಿದ ಮೇಲೆ ಗೇಟಿನ ಕಾವಲುಗಾರನಿಂದ ಫೋನಿನಲ್ಲಿ ಕೇಳಿ ತಿಳಿಯುತ್ತಿದ್ದರು. ಅವನು ಹೇಳುತ್ತಿದ್ದುದು ಗೋಲಾಯಿತೋ ಇಲ್ಲವೋ ಎಂಬುದನ್ನು ಮಾತ್ರ.

ಅಷ್ಟರಲ್ಲಿ ಮರದ ಆಚೆಯಿಂದ ದೊಡ್ಡ ಕೂಗು ಎದ್ದಿತು. ಗೋಲೋ ಅಲ್ಲವೋ, ಯಾರದೋ ತಿಳಿಯಲಿಲ್ಲ. ಗುಣಶೇಖರನ್ ದುರ್ಬೀನನ್ನು ಈಚೆಯ ಕೀಪರ್ ಕಡೆ ತಿರುಗಿಸಿದರು. ಅಲ್ಲಿ ನಿಂತಿದ್ದವನು ಎದುರಾಳಿ ತಂಡದವನು. ಅವನು ಎರಡೂ ಕೈ ಮೇಲೆತ್ತಿ ಕುಣಿದ. ಹೀಗೆಯೇ ತಿಳಿಯುವುದು ಎಂದು ಅವರು ತಮಿಳು ಬೆರೆತ ಇಂಗ್ಲಿಷಿನಲ್ಲಿ ನಮಗೆ ವಿವರಿಸಿದರು. ನಮ್ಮ ಮೇಲೆ ಗೋಲು ಬಿದ್ದಿತ್ತು.

"ಹಕೀಮನ ತಪ್ಪೋ, ಅಲ್ಲವೋ?" ಎಂದು ಸರ್ ಕೇಳಿದರು.

"ಗೊತ್ತಿಲ್ಲ ಡಾಕ್ಟರ್."

"ಹಾಗಾದ್ರೆ ಗೊತ್ತಿಲ್ಲ ಅಂತಲೇ ಬರೀರಿ."

ಗುಣಶೇಖರನ್ ನಕ್ಕರು. "ನನಗೆ ಕಾಣಲಿಲ್ಲ ಅಂತ ಬರೆದರೆ ಯಾರು ಓದ್ತಾರೆ ಐಯಾ?"

"ನಾನು ಓದ್ತೇನೆ," ಎಂದರು ಬಲ್ಲಾಳ ಸರ್. ದಾರಿಯಲ್ಲಿ ಅಭ್ಯಾಸ ಮಾಡಿದ್ದ ವಾಕ್ಯಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

ಆ ಸಂಜೆಯ ವರದಿಯಲ್ಲಿ ಎರಡು ಹೊಸ ಸಂಗತಿಗಳಿದ್ದವು. ಹಿಂದಿನ ಪಂದ್ಯದ ಪೆನಾಲ್ಟಿಯನ್ನು ಹಕೀಮ್ ತಡೆದಿದ್ದನೆಂಬ ತಿದ್ದುಪಡಿ ಒಂದು. ಆಚೆಯ ಗೋಲು ವರದಿಗಾರನಿಗೆ ಕಾಣಲಿಲ್ಲವೆಂಬ ಒಪ್ಪಿಗೆ ಇನ್ನೊಂದು. ಗುಂಪಿನವರು ಬಿದ್ದುಬಿದ್ದು ನಕ್ಕರು. ಆದರೆ ಬಲ್ಲಾಳ ಸರ್‌ಗೆ ಸಮಾಧಾನವಿಲ್ಲ. ಕಾಣಲಿಲ್ಲ ಎಂದು ಒಪ್ಪಿಕೊಂಡ ಮಾತ್ರಕ್ಕೆ ಕಂಡಂತಾಗುವುದಿಲ್ಲವಲ್ಲ.

ಅವರೇ ದಾರಿ ಹುಡುಕಿದರು. ಮೈದಾನದಲ್ಲಿ ಒಬ್ಬ ವೈದ್ಯರು ಇರಲೇಬೇಕೆಂಬ ನಿಯಮವಿತ್ತು. ಅರವತ್ತು ದಾಟಿದವರನ್ನು ಬಿಡುತ್ತಿರಲಿಲ್ಲ, ಹಾಗಾಗಿ ನಾನು ಹೋಗಬೇಕೆಂದರು. ಗಾಯ ಕಟ್ಟುವುದನ್ನು ನಾನು ಮರೆತು ಯಾವ ಕಾಲವಾಗಿತ್ತೋ. ಸರ್ ವಿಡಿಯೋ ಕರೆಯಲ್ಲಿ ತಮ್ಮದೇ ಪಾದಕ್ಕೆ ಪಟ್ಟಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಪಾಠ ಮಾಡಿದರು. ನಾನು ಅಭ್ಯಾಸಕ್ಕೆ ಗಂಡನ ಪಾದ ಹಿಡಿದೆ. ಅವರು ಅದೇ ಪಟ್ಟಿಯಲ್ಲಿ ಆಫೀಸಿನ ಮೀಟಿಂಗ್ ಮುಗಿಸಿದರು. ಹೀಗೆ ಪೆಥಾಲಜಿಯವಳ ಕಾರಿಗೆ ಸ್ಪ್ರೇ ಡಬ್ಬಿ ಬಂತು.

ದೂರ ದೂರ ಕೂರಬೇಕಾದ್ದರಿಂದ ವೈದ್ಯರ ಕುರ್ಚಿಯನ್ನು ಆಚೆಯ ಗೋಲಿನ ಹಿಂದೆ, ಆ ಮರದ ಕೆಳಗೇ ಹಾಕಿದ್ದರು. ಅಲ್ಲಿ ನಡೆದದ್ದನ್ನು ನಾನು ಆಟ ಮುಗಿದ ಮೇಲೆ ಗುಣಶೇಖರನ್ ಅವರಿಗೆ ಹೇಳುವುದೆಂದು ಮಾತಾಯಿತು. ನಾನು ಹೋದ ಮೊದಲ ಪಂದ್ಯವೇ ಸೆಮಿಫೈನಲ್. ಅಷ್ಟು ಹತ್ತಿರದಿಂದ ಆಟ ಕಂಡಿರಲಿಲ್ಲ. ಮೇಲಿನಿಂದ ಚಿತ್ರದಂತೆ ಕಾಣುವುದು ಇಲ್ಲಿ ಏದುಸಿರು, ಬೆವರು. ಎರಡನೆಯ ಅರ್ಧದಲ್ಲಿ ಹಕೀಮ್ ಒಂದು ಹೊಡೆತವನ್ನು ಗಾಳಿಯಲ್ಲೇ ಅಡ್ಡ ಮಲಗಿ ತಡೆದ. ನಾನು ವೈದ್ಯೆಯೆಂಬುದನ್ನು ಮರೆತು ಎದ್ದು ನಿಂತೆ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು. ಸಮಸಮ. ಆಗ ಎದುರಾಳಿಯ ಕಾಲಿನಿಂದ ಚೆಂಡೊಂದು ಏನೂ ಜೋರಿಲ್ಲದೆ ಉರುಳಿಕೊಂಡು ಬಂತು. ನನ್ನ ಮಗಳೂ ಹಿಡಿಯಬಹುದಾಗಿದ್ದ ಚೆಂಡು. ಹಕೀಮ್ ಬಗ್ಗಿದ. ಚೆಂಡು ಅವನ ಕೈ ನಡುವೆ, ಕಾಲ ನಡುವೆ ನುಸುಳಿ ನನ್ನೆದುರಿನ ಬಲೆಯಲ್ಲಿ ನಿಂತಿತು.

ಅವನು ಬೋರಲು ಬಿದ್ದವನು ಏಳಲಿಲ್ಲ. ನಾನು ಬ್ಯಾಗು ಎತ್ತಿಕೊಂಡು ಓಡಿದೆ. ಏನು ಮಾಡಬೇಕೆಂದು ತೋಚದೆ ಮೊಣಕಾಲಿಗೆ ಸ್ಪ್ರೇ ಹೊಡೆದೆ. ಅವನು ಮುಖ ಎತ್ತದೆ, ಇಲ್ಲಿಯವರ ಇಂಗ್ಲಿಷಿನಲ್ಲಿ, "ಡಾಕ್ಟರ್, ದೇರ್ ನೋ ಪೇನ್ ಲಾ," ಎಂದ.

ಸೋತೆವು. ಶಿಳ್ಳೆಯ ಹಿಂದೆಯೇ ಫೋನ್ ಬಂತು. "ಡಾಕ್ಟರ್, ಆಚೆ ಏನಾಯ್ತು?" ಎಂದರು ಗುಣಶೇಖರನ್. ಹುಲ್ಲು ಒದ್ದೆಯಾಗಿತ್ತು ಎನ್ನಬಹುದಿತ್ತು. ಚೆಂಡು ಯಾರದೋ ಕಾಲಿಗೆ ತಾಗಿ ತಿರುಗಿತು ಎನ್ನಬಹುದಿತ್ತು. ಕಂಡವಳು ನಾನೊಬ್ಬಳೇ, ಮರದ ನೆರವೂ ಇತ್ತು. ದೂರದಲ್ಲಿ ಹಕೀಮ್ ಗ್ಲೌಸ್ ಬಿಚ್ಚುತ್ತಿದ್ದ. ಕಂಡದ್ದನ್ನು ಹೇಳಿದೆ. ಅದಕ್ಕೂ ಮುಂಚೆ ಅವನು ಮಲಗಿ ತಡೆದದ್ದನ್ನೂ ಬರೆಯಲೇಬೇಕೆಂದೆ. ಅವರು ಎರಡನ್ನೂ ಬರೆದರು.

ಗುಂಪಿನವರು ಓದಿದ್ದು ಒಂದನ್ನೇ. ನಮ್ಮ ಮನೆಯವಳೇ ನಮ್ಮ ಹುಡುಗನನ್ನು ಹಿಡಿದುಕೊಟ್ಟಳು ಎಂದರು. ತಂಡಕ್ಕೆ ಬೀಗ ಬಿದ್ದರೆ ಅದು ನನ್ನಿಂದಲೇ ಎಂದರು. ಬಲ್ಲಾಳ ಸರ್ ಮಾತ್ರ ಏನೂ ಬರೆಯಲಿಲ್ಲ. ಆ ಮೌನ ಉಳಿದವರ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೂ ಉರುಳಿ ಬರುವ ಚೆಂಡೇ ಕಾಣುತ್ತಿತ್ತು. ಕೊನೆಗೊಂದು ಸಂಜೆ ಅವರೇ ಫೋನ್ ಮಾಡಿದರು.

"ಕಾಲಿನ ನಡುವಿನಿಂದಲೇ ಹೋದದ್ದಾ?"

"ಹೌದು ಸರ್. ನನ್ನ ಕಣ್ಣೆದುರೇ."

ಆ ಕಡೆ ಮೇಜಿನ ಕಾಲಿಗೆ ಅವರ ಕಾಲು ಬಡಿಯುವ ಸದ್ದು ಕೇಳುತ್ತಿತ್ತು.

"ನಾನು ಅಲ್ಲಿದ್ದಿದ್ರೆ ಹುಲ್ಲು ಒದ್ದೆ ಅಂತ ಹೇಳ್ತಿದ್ದೆ ಮಾರಾಯ್ತಿ," ಎಂದರು. "ನಿನ್ನನ್ನು ಕಳಿಸಿದ್ದು ಒಳ್ಳೇದಾಯ್ತು."

ಹಕೀಮ್ ಮಾತ್ರ ನನ್ನನ್ನು ತಪ್ಪಿಸಿಕೊಂಡು ತಿರುಗಲಿಲ್ಲ. ತಾನಾಗಿಯೇ ಬಂದು, ಅದು ತನ್ನ ತಪ್ಪೇ, ಪೆನಾಲ್ಟಿ ತಡೆದದ್ದೂ ತಾನೇ, ಎರಡೂ ತನ್ನ ಹೆಸರಲ್ಲೇ ಇರಲಿ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಆಡಳಿತದವರು ತಂಡವನ್ನು ಉಳಿಸಿಕೊಂಡರು. ಅವರಲ್ಲೊಬ್ಬರು ವರದಿ ಓದಿ, ಸೆಮಿಫೈನಲ್‌ವರೆಗೆ ಬಂದಿದ್ದೇವೆಂಬುದು ತಮಗೆ ಗೊತ್ತೇ ಇರಲಿಲ್ಲ ಎಂದರಂತೆ. ನಾವು ಜೀವ ಕೈಯಲ್ಲಿ ಹಿಡಿದು ಜಗಳವಾಡಿದ್ದರ ಬಗ್ಗೆ ಅವರಿಗೆ ಸುಳಿವೇ ಇರಲಿಲ್ಲ.

ಈಗ ಎಲ್ಲ ತೆರೆದಿದೆ. ಹಕೀಮ್ ಕ್ಲಾಂಗ್ ಕಡೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಗುಣಶೇಖರನ್ ಅವರಿಗೆ ಮೈದಾನದೊಳಗೇ ಕುರ್ಚಿ ಸಿಕ್ಕಿದೆ. ನಾವೆಲ್ಲ ಒಂದೇ ಬೆಂಚಿನಲ್ಲಿ ಕೂತು ಒಂದೇ ಚೆಂಡನ್ನು ನೋಡುತ್ತೇವೆ. ಜಗಳವೇನೂ ಕಡಿಮೆಯಾಗಿಲ್ಲ. ಬಲ್ಲಾಳ ಸರ್ ನಿವೃತ್ತರಾಗಿ ಉಡುಪಿಗೆ ಮರಳಿದ್ದಾರೆ. ವಿದ್ಯಾರ್ಥಿಗಳು ಪಂದ್ಯವನ್ನು ಫೋನಿನಲ್ಲಿ ನೇರಪ್ರಸಾರ ಮಾಡುತ್ತಾರೆ, ಸರ್ ಅಲ್ಲಿ ಮಧ್ಯಾಹ್ನದ ಊಟ ಮುಗಿಸಿ ಅದನ್ನು ಹಾಕಿಕೊಂಡು ಕೂರುತ್ತಾರೆ. ಜೊತೆಗೆ ನನಗೆ ಫೋನ್ ಮಾಡಿ ಇಡೀ ಆಟವನ್ನು ನನ್ನ ಕಿವಿಯಲ್ಲಿ ಬಯ್ಯುತ್ತಾರೆ.

ಈ ಶನಿವಾರವೂ ಹಾಗೇ ಆಯಿತು. ನೇರಪ್ರಸಾರ ಉಡುಪಿ ತಲುಪುವುದು ಸ್ವಲ್ಪ ತಡವಾಗಿ. ನಮ್ಮ ಹುಡುಗನೊಬ್ಬ ಬಲಬದಿಯಿಂದ ನುಗ್ಗಿ ಬಂದು ಗೋಲು ಹೊಡೆದ. ಬೆಂಚಿಗೆ ಬೆಂಚೇ ಎದ್ದು ಕೂಗಿತು. ನಾನು ತಕ್ಷಣ ಫೋನಿನಲ್ಲಿ ನನ್ನ ಕಡೆಯ ಸದ್ದು ಅಡಗಿಸಿದೆ. ಅತ್ತ ಕಡೆ ಸರ್ ಇನ್ನೂ, "ಪಾಸ್ ಕೊಡು ಮಾರಾಯ, ಕೊಡು, ಇವ ಹಾಳು ಮಾಡ್ತಾನೆ," ಎಂದು ಚಡಪಡಿಸುತ್ತಿದ್ದರು. ತುಟಿ ಕಚ್ಚಿಕೊಂಡು ನಿಂತೆ. ಆಮೇಲೆ ಉಡುಪಿಯಲ್ಲಿ ಏನೋ ದಡಾರನೆ ಬಿತ್ತು, ಕುರ್ಚಿಯೇ ಇರಬೇಕು.

"ನೋಡಿದ್ಯಾ ಮಾರಾಯ್ತಿ, ನೋಡಿದ್ಯಾ?"

ನನ್ನ ಕಡೆಯ ಸದ್ದು ಮತ್ತೆ ತೆರೆದೆ. "ಇಲ್ಲ ಸರ್, ಮುಂದೆ ಯಾರೋ ಎದ್ದು ನಿಂತುಬಿಟ್ರು. ಹೇಗಾಯ್ತು, ನೀವೇ ಹೇಳಿ."