ಟ್ಯಾಂಕರಿನ ಮುಂದೆ ನಿಂತವನು

ಇಳಿಜಾರು ಬೀದಿಯ ಕ್ಷೌರಿಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೇನೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕಿತ್ತು. ಊರಿಗೆಲ್ಲ ಅವನು ‘ಆ ಕಾಲ’. ಯಾರ ಗಡ್ಡಕ್ಕೆ ಸೋಪು ಹಚ್ಚಿದರೂ ‘ಆ ಕಾಲವೇ ಬೇರೆ ಬಿಡಿ’ ಎಂದೇ ಅವನ ಮಾತು ಶುರುವಾಗುತ್ತಿತ್ತು. ತುಂಟರು ಅದನ್ನು ಕುಗ್ಗಿಸಿ ‘ಅಕಾಲ’ ಎಂದರು. ಮಾತಿನ ಭರದಲ್ಲಿ ಅವನ ಕತ್ತರಿ ಕೆಲವರ ತಲೆಗೆ ತಂದಿಟ್ಟ ಗತಿ ನೋಡಿದರೆ ಆ ಹೆಸರೂ ಅನ್ಯಾಯವೇನಲ್ಲ.

ಅಂಗಡಿಯ ಗೋಡೆಗಳ ಮೇಲೆ ಕನ್ನಡಿಗಿಂತ ಪಟಗಳೇ ಹೆಚ್ಚಾಗಿದ್ದವು. ಕುದುರೆಯ ಮೇಲೆ ಕತ್ತಿ ಎತ್ತಿದ ಸೇನಾಪತಿ, ಹಿಮದ ನಡುವೆ ಹಡಗು ನಿಲ್ಲಿಸಿಕೊಂಡು ನಿಂತ ನಾವಿಕ, ದೂರದರ್ಶಕಕ್ಕೆ ಕಣ್ಣಿಟ್ಟ ಗಡ್ಡದ ವಿಜ್ಞಾನಿ, ಒಂದೇ ಏಟಿಗೆ ಎಂಟು ಜನರನ್ನು ಹಾರಿಸುತ್ತಿರುವ ಹಳೆಯ ಸಿನಿಮಾದ ನಾಯಕ. ಗಿರಾಕಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತನೆಂದರೆ ತಪ್ಪಿಸಿಕೊಳ್ಳುವಂತಿರಲಿಲ್ಲ.

“ಆಗಿನ ಕವಿ ಒಂದು ಸಾಲು ಬರೆದ್ರೆ ರಾಜ ನಡುಗ್ತಿದ್ದ. ಈಗಿನವನು ಪುಸ್ತಕಾನೇ ಬರೀಲಿ, ಹೆಂಡತಿ ಸಹ ಓದಲ್ಲ. ಆಗಿನ ವಿಜ್ಞಾನಿ ವಿಷಾನ ಮೊದಲು ತಾನೇ ಕುಡಿದು ನೋಡ್ತಿದ್ದ. ಈಗ? ಇಲಿಗೆ ಕುಡಿಸ್ತಾರೆ. ವೀರರ ಕಾಲ ಮುಗೀತು ಸ್ವಾಮಿ, ಮುಗೀತು. ಸ್ವಲ್ಪ ತಲೆ ಬಗ್ಗಿಸಿ.”

ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ, ಅದರ ಆಚೆ ಹೊಲಿಗೆ ಯಂತ್ರ, ಯಂತ್ರದ ಮುಂದೆ ಅವನ ಹೆಂಡತಿ. ಗಂಡನ ಭಾಷಣ ಅತಿಯಾದಾಗ ಅವಳು ಮಾತಾಡುತ್ತಿರಲಿಲ್ಲ. ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು. ಅವನ ವೀರರೆಲ್ಲ ಆ ಸದ್ದಿನಲ್ಲಿ ಸೋತು ಸುಮ್ಮನಾಗುತ್ತಿದ್ದರು.

ಒಂದು ಬೆಳಗ್ಗೆ ನೀರಿನ ಟ್ಯಾಂಕರಿನ ಚಾಲಕ ಗಾಡಿಯನ್ನು ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿ ಗಡ್ಡ ತೆಗೆಸಲು ಬಂದು ಕೂತ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಕ್ಷೌರಿಕ ಹಿಮದ ನಾವಿಕನ ಕತೆಯಲ್ಲಿ ಮುಳುಗಿದ್ದ. ಕನ್ನಡಿಯಲ್ಲಿ ಬೀದಿಯನ್ನು ನೋಡುತ್ತಿದ್ದ ಚಾಲಕ ಇದ್ದಕ್ಕಿದ್ದಂತೆ, “ಅಯ್ಯೋ, ನನ್ನ ಗಾಡಿ!” ಎಂದು ಕಿರುಚಿ, ಕೊರಳಿನ ಬಟ್ಟೆಯನ್ನು ಕಿತ್ತೆಸೆದು ಓಡಿದ. ಎಸೆದ ಬಟ್ಟೆ ಕ್ಷೌರಿಕನ ಹೆಗಲಿಗೆ ಸಿಕ್ಕಿಕೊಂಡಿತು. ಏನಾಯಿತೆಂದು ತಿಳಿಯದೆ ಅವನೂ ಕ್ಷೌರದ ಕತ್ತಿ ಹಿಡಿದುಕೊಂಡೇ ಹೊರಗೆ ಧಾವಿಸಿ ಬೀದಿಯ ನಡುವೆ ಬಂದು ನಿಂತ.

ಟ್ಯಾಂಕರು ಚಾಲಕನಿಲ್ಲದೆ ನೇರ ಅವನತ್ತಲೇ ಉರುಳಿ ಬರುತ್ತಿತ್ತು. ಓಡು ಎಂದು ಜೀವ ಹೇಳಿತು, ಕಾಲು ಕೇಳಲಿಲ್ಲ. ಮುಖ ಮರೆಮಾಡಿಕೊಳ್ಳಲು ಅವನ ಒಂದು ಕೈ ಮಾತ್ರ ಮೇಲೆದ್ದಿತು, ಆ ಕೈಯಲ್ಲಿ ಕತ್ತಿ.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಿದ್ದಳು. ಅಂಗಡಿಯ ಮುಂದೆ ಗಿರಾಕಿಗಳು ಕಾಯುತ್ತ ಕೂರುವ ಮರದ ಬೆಂಚೊಂದಿತ್ತು. ಅದನ್ನು ಎರಡೂ ಕೈಯಿಂದ ತಳ್ಳಿ ಮುಂದಿನ ಚಕ್ರದ ಕೆಳಗೆ ನೂಕಿದಳು. ಬೆಂಚು ಚಟಪಟ ಮುರಿದು ಚಕ್ರಕ್ಕೆ ಸಿಕ್ಕಿಕೊಂಡಿತು. ಟ್ಯಾಂಕರು ಮೂತಿ ತಿರುಗಿಸಿ ಚರಂಡಿಗೆ ಇಳಿದು ನಿಂತಿತು.

ಎದುರಿನ ಮೊಬೈಲ್ ಅಂಗಡಿಯವನು ಅದೇ ಕ್ಷಣ ಫೋಟೊ ತೆಗೆದಿದ್ದ. ಫೋಟೊದಲ್ಲಿ ಆಕಾಶದೆತ್ತರದ ಟ್ಯಾಂಕರು, ಅದರ ಮುಂದೆ ಕತ್ತಿ ಎತ್ತಿ ನಿಂತ ಒಬ್ಬನೇ ಮನುಷ್ಯ, ಹೆಗಲಿನಿಂದ ಗಾಳಿಗೆ ಹಾರುತ್ತಿರುವ ಬಿಳಿಯ ಬಟ್ಟೆ. ಬೆಂಚು ಟ್ಯಾಂಕರಿನ ಮರೆಯಲ್ಲಿತ್ತು. ಹೆಂಡತಿ ದೀಪದ ಕಂಬದ ಹಿಂದೆ. ಅವಳದೆಂದು ಕಂಡದ್ದು ಒಂದು ಮೊಣಕೈ.

ಸಂಜೆಯೊಳಗೆ ಊರಿಗೆ ವೀರನೊಬ್ಬ ಸಿಕ್ಕಿದ್ದ. ಮರುದಿನದ ಪತ್ರಿಕೆಯಲ್ಲಿ ಅವನು ಟ್ಯಾಂಕರನ್ನು ಎದುರಿಸಿದ್ದ. ವಾರ ಕಳೆಯುವಷ್ಟರಲ್ಲಿ ಅದರ ಟಯರನ್ನು ಕತ್ತಿಯಿಂದ ಸೀಳಿದ್ದ. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಕರಿಹಲಗೆಯ ಮೇಲೆ ಬಾಣ ಬರೆದು, ಅಲಗು ಯಾವ ಕೋನದಲ್ಲಿ ತಾಗಿದರೆ ಟಯರು ಸೀಳುತ್ತದೆಂದು ಸಾಧಿಸಿ ತೋರಿಸಿದರು. ಎಲ್ಲ ಟಯರೂ ನೆಟ್ಟಗಿರುವುದನ್ನು ಹೋಗಿ ನೋಡುವ ವ್ಯವಧಾನ ಅವರಿಗಿರಲಿಲ್ಲ. ಇತಿಹಾಸದ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಳಿಜಾರು ಬೀದಿಯ ಮಣ್ಣಿನಲ್ಲೇ ವೀರತ್ವ ಇದೆ, ಹಿಂದೆ ಇಲ್ಲಿ ಒಂದು ಯುದ್ಧ ನಡೆದಿರಲೇಬೇಕು ಎಂದರು. ನೀರಿನ ಕಚೇರಿಯ ಗುಮಾಸ್ತನೊಬ್ಬ ಕವಿ. ಅವನು ಲಾವಣಿ ಕಟ್ಟಿದ. ಲಾವಣಿಯಲ್ಲಿ ಟ್ಯಾಂಕರು ರಕ್ಕಸನಾಗಿತ್ತು, ಚರಂಡಿ ಸಮುದ್ರವಾಗಿತ್ತು. ಹುಡುಗರು ಆ ಫೋಟೊವನ್ನು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗಿದರು.

ನಗರಸಭೆಯ ಅಧ್ಯಕ್ಷರು ಸನ್ಮಾನ ಇಟ್ಟುಕೊಂಡರು. ಕ್ಷೌರಿಕ ಒಳ್ಳೆಯ ಮನುಷ್ಯ. ಶಾಲು ಹೊದಿಸಿದ ಮೇಲೆ ಧ್ವನಿವರ್ಧಕದ ಮುಂದೆ ನಿಂತು ಇದ್ದದ್ದನ್ನೇ ಹೇಳಿದ.

“ನಾನೇನೂ ಮಾಡ್ಲಿಲ್ಲ. ಹೆದರಿ ನಿಂತುಬಿಟ್ಟಿದ್ದೆ ಅಷ್ಟೇ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. “ನೋಡಿದ್ರಾ?” ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. “ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ!”

ಮನೆಗೆ ಬಂದು ಅವನು ಶಾಲನ್ನು ಹೆಂಡತಿಯ ಮುಂದಿಟ್ಟ. “ನಾನು ನಿಜಾನೇ ಹೇಳಿದೆ ಕಣೇ. ಯಾರೂ ನಂಬಲಿಲ್ಲ.”

ಅವಳು ಶಾಲಿನ ಅಂಚು ತಿರುಗಿಸಿ ನೋಡಿದಳು. “ಹೊಲಿಗೆ ಸರಿಯಿಲ್ಲ ರೀ, ಎರಡು ಒಗೆತಕ್ಕೆ ಬಿಡುತ್ತೆ. ಅದಿರಲಿ, ಆ ಬೆಂಚಿನ ಬಗ್ಗೆ ಏನಾದ್ರೂ ಅಂದ್ರಾ?”

ಹೊಸ ಬೆಂಚು ಕೊಡಿಸಿ ಎಂದು ಅವನು ಅಧ್ಯಕ್ಷರನ್ನು ಕೇಳಿದ್ದ. ಮೂರ್ತಿ ಮಾಡಿಸಲು ನಿಯಮದಲ್ಲಿ ಅವಕಾಶವಿದೆ, ಬೆಂಚಿಗೆ ಇಲ್ಲ ಎಂದಿದ್ದರು.

ತೊಂದರೆ ಶುರುವಾದದ್ದು ಆಮೇಲೆ. ಅಂಗಡಿಗೆ ಬರುವವರು ಬರುತ್ತಲೇ ಇದ್ದರು, ಆದರೆ ಕೂದಲು ಬಿಟ್ಟುಕೊಂಡೇ ವಾಪಸು ಹೋಗುತ್ತಿದ್ದರು. ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು, ಕತ್ತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಕ್ಷೌರಕ್ಕೆ ಕರೆದರೆ, “ಛೆ ಛೆ, ನಿಮ್ಮ ಕೈಯಲ್ಲಿ ನಮ್ಮ ಗಡ್ಡಾನಾ? ಎಲ್ಲಾದ್ರೂ ಉಂಟೇ!” ಎಂದು ನಾಲಿಗೆ ಕಚ್ಚಿಕೊಂಡು ಕೆಳಗಿನ ಬೀದಿಯ ಅಂಗಡಿಗೆ ಹೋಗುತ್ತಿದ್ದರು. ಪಟಗಳ ನಡುವೆ ಅವನೊಬ್ಬನೇ ಕೂತಿರುತ್ತಿದ್ದ. ಮಾತಾಡಲು ತಲೆಗಳಿಲ್ಲದೆ ಅವನ ಬಾಯಿ ಕಟ್ಟಿಹೋಯಿತು. ಪರದೆಯ ಹಿಂದಿನ ಯಂತ್ರವೇ ಮನೆಯ ಒಲೆ ಉರಿಸಿತು.

ಸಾಲದ್ದಕ್ಕೆ, ಊರಿನಲ್ಲಿ ಎಲ್ಲಿ ಏನಾದರೂ ಅವನಿಗೇ ಕರೆ. ಬ್ಯಾಂಕಿನ ಕಪಾಟಿನ ಹಿಂದೆ ಹಾವು ಹೊಕ್ಕಾಗ ಅವನನ್ನು ಕರೆದೊಯ್ದರು. ಅವನು ಬಾಗಿಲಲ್ಲಿ ನಿಂತು ಬೆವರಿದ. ಹಿಂದೆಯೇ ಗೋಣಿಚೀಲ ಹಿಡಿದು ಬಂದ ಹೆಂಡತಿ ಹಾವನ್ನು ಕೋಲಿನಿಂದ ಚೀಲಕ್ಕೆ ನೂಕಿ ಬಾಯಿ ಕಟ್ಟಿದಳು. ಹಾವು ಅವನ ದೃಷ್ಟಿಗೇ ಕಟ್ಟುಬಿತ್ತೆಂದು ಜನ ಮಾತಾಡಿಕೊಂಡರು. ಇನ್ನೊಂದು ಸಲ ಆಸ್ಪತ್ರೆಗೆ ನುಗ್ಗಿದ ಕೋತಿಗೆಂದು ಕರೆಯಲು ಬಂದಾಗ ಅವನು ಮಂಚದ ಕೆಳಗೆ ತೂರಿಕೊಂಡ. ಬಂದವರು ಮಂಚದ ಕೆಳಗೆ ಕಾಲು ಕಂಡು, ಧ್ಯಾನದಲ್ಲಿದ್ದಾರೆ ಎಂದು ಪಿಸುಗುಟ್ಟಿ, ಚಪ್ಪಲಿ ಸದ್ದಾಗದಂತೆ ಹಿಂದಿರುಗಿದರು.

“ಹೀಗೇ ಆದ್ರೆ ಒಂದಿನ ನಿಮ್ಮನ್ನ ಸಾಯಿಸಿ, ಆಮೇಲೆ ಮೂರ್ತಿ ಮಾಡ್ತಾರೆ,” ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಆ ದಿನವೂ ಬಂತು. ಹೊಸ ಮಾರುಕಟ್ಟೆಗೆಂದು ತೋಡಿದ ಆಳದ ಗುಂಡಿಗೆ ಎಮ್ಮೆಯೊಂದು ಬಿದ್ದಿತ್ತು. ಕೊಂಬು ಬೀಸುತ್ತ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಸುತ್ತ ಜನಜಾತ್ರೆ, ಕ್ಯಾಮೆರಾಗಳು. ಅಧ್ಯಕ್ಷರು ಕ್ಷೌರಿಕನ ಸೊಂಟಕ್ಕೆ ತಾವೇ ಹಗ್ಗ ಕಟ್ಟಿ, “ಇಳೀರಿ!” ಎಂದರು.

ಅವನು ಕೆಳಗೆ ನೋಡಿದ. ಎಮ್ಮೆ ಮೇಲೆ ನೋಡಿತು.

“ನಾನು ಇಳಿಯಲ್ಲ,” ಎಂದ.

“ಏನಂದ್ರಿ?”

“ನನಗೆ ಭಯ. ಅವತ್ತೂ ಭಯಾನೇ ಇತ್ತು. ಟ್ಯಾಂಕರ್ ನಿಲ್ಲಿಸಿದ್ದು ನಾನಲ್ಲ, ನನ್ನ ಹೆಂಡತಿ. ಬೆಂಚು ತಳ್ಳಿ ನಿಲ್ಲಿಸಿದ್ಲು. ಹಾವು ಹಿಡಿದಿದ್ದೂ ಅವಳೇ. ಕೋತಿ ದಿನ ನಾನು ಮಂಚದ ಕೆಳಗೆ ಅಡಗಿದ್ದೆ. ಈ ಹಗ್ಗ ಬಿಚ್ರಪ್ಪ!”

ವೇದಿಕೆಯ ಮೇಲೆ ಇದನ್ನೇ ಹೇಳಿದಾಗ ವಿನಯವೆಂದವರು ಗುಂಡಿಯ ಅಂಚಿನಲ್ಲಿ ಮೋಸ ಎಂದರು. ಮೊದಲು ಕೂಗಿದವರು ಬನಿಯನ್ ತೊಟ್ಟ ಹುಡುಗರು. ಲಾವಣಿಯ ಗುಮಾಸ್ತ ತನ್ನ ಪ್ರಾಸಗಳೆಲ್ಲ ದಂಡವಾದವೆಂದು ಅಳುವಂತಾದ. ಅಧ್ಯಕ್ಷರು ಹಗ್ಗ ಬಿಚ್ಚದೆ ಹೊರಟೇಹೋದರು. ಗಂಟು ಬಿಚ್ಚಿದವಳು ಹೆಂಡತಿ. ಎಮ್ಮೆಯ ಕಡೆ ಯಾರಿಗೂ ಗಮನವಿರಲಿಲ್ಲ. ಮಣ್ಣು ಹೊರುವ ಆಳುಗಳು ಮಾತಿಲ್ಲದೆ ಗುಂಡಿಯ ಒಂದು ಪಕ್ಕವನ್ನು ಇಳಿಜಾರಾಗಿ ಕಡಿದರು. ಎಮ್ಮೆ ತಾನಾಗಿಯೇ ನಡೆದು ಮೇಲೆ ಬಂತು. ಆ ಹೊತ್ತಿಗೆ ತರಕಾರಿ ಮಾರುವ ಯುವಕನೊಬ್ಬ ಪಕ್ಕದಲ್ಲಿ ನಿಂತು ಅದರ ಹಗ್ಗ ಹಿಡಿದಿದ್ದ. ಕ್ಯಾಮೆರಾಗಳು ಅವನತ್ತ ತಿರುಗಿದವು.

ಒಂದು ತಿಂಗಳೊಳಗೆ ಕ್ಷೌರಿಕನ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಈಗ ಅವನನ್ನು ಗೇಲಿ ಮಾಡುತ್ತ ಗಡ್ಡ ತೆಗೆಸಿಕೊಳ್ಳಬಹುದಿತ್ತಲ್ಲ. ಅಂಥ ಸುಖ ಯಾವ ಅಂಗಡಿಯಲ್ಲಿ ಸಿಕ್ಕೀತು? ಅವನೂ ಅವರ ಜೊತೆ ನಕ್ಕ. ಹೆಂಡತಿಯನ್ನು ಸನ್ಮಾನಿಸುತ್ತೇವೆಂದು ಮಹಿಳಾ ಸಂಘದವರು ಬಂದರು. ಅವಳು ಪರದೆ ಸರಿಸಿ, “ಮದುವೆ ರವಿಕೆ ಆರು ಬಾಕಿ ಇದೆ ಅಮ್ಮ, ವೀರೆಯಾಗೋಕೆ ಪುರುಸೊತ್ತಿಲ್ಲ,” ಎಂದು ಕಳಿಸಿದಳು.

ಒಂದು ಮಧ್ಯಾಹ್ನ ತರಕಾರಿಯ ಯುವಕ ಬಂದು ಕುರ್ಚಿಯಲ್ಲಿ ಕೂತ. ಸಂಜೆ ಅವನಿಗೆ ಸನ್ಮಾನ, ಬೈತಲೆ ನೀಟಾಗಿ ಬರಬೇಕಿತ್ತು.

“ಅಣ್ಣಾ,” ಎಂದ ಮೆಲ್ಲಗೆ, “ನಾಳೆ ಗೋದಾಮಿನಲ್ಲಿ ಜೇನುಗೂಡು ಕೀಳೋಕೆ ನನ್ನನ್ನೇ ಕರೆದಿದ್ದಾರೆ. ನನಗೆ ಜೇನು ಅಂದ್ರೆ ಪ್ರಾಣ ಹೋಗುತ್ತೆ. ಏನು ಮಾಡ್ಲಿ?”

ಕ್ಷೌರಿಕ ಬಾಚಣಿಗೆ ನಿಲ್ಲಿಸಿದ.

“ಮದುವೆ ಆಗಿದ್ಯಾ?”

“ಇನ್ನೂ ಇಲ್ಲಣ್ಣ.”

“ಹಾಗಾದ್ರೆ ಕಷ್ಟ ಕಣಪ್ಪ,” ಎಂದ ಕ್ಷೌರಿಕ. ಪರದೆಯ ಆಚೆ ಯಂತ್ರದ ಸದ್ದು ನಿಂತು, ಯಾರೋ ನಗು ತಡೆದುಕೊಂಡಂತಾಯಿತು.