ನಾನು ನೀರು ಹೊಡೆದ ಗೋಡೆ

ನಾಲ್ಕು ವರ್ಷದ ಹಿಂದಿನ ಬೇಸಿಗೆಯ ಮಾತು. ಮಕ್ತಲ್ ಕಡೆ, ಕೃಷ್ಣಾ ನದಿ ದಂಡೆಯ ನಮ್ಮೂರಿನ ಹಳೇ ಮಣ್ಣಿನ ಬುರುಜು ಪ್ರತಿ ಮಳೆಗೂ ಅಷ್ಟಷ್ಟು ಕರಗುತ್ತಿತ್ತು. ಅದನ್ನು ಉಳಿಸಲು ರಾಯಚೂರಿನಿಂದ ಹಿರಿಯ ತಜ್ಞರೊಬ್ಬರು ಬಂದರು. ಮಣ್ಣನ್ನು ಗಟ್ಟಿ ಮಾಡುವ ರಾಸಾಯನಿಕವನ್ನು ಮೊದಲು ಒಂದು ಮೊಳ ಜಾಗಕ್ಕೆ ಹಚ್ಚುವುದು, ಅದು ಮಳೆಗಾಲ ತಡೆದರೆ ಮುಂದಿನ ಬೇಸಿಗೆಯಲ್ಲಿ ಇಡೀ ಬುರುಜಿಗೆ ಹಚ್ಚುವುದು ಎಂದಾಯಿತು. ಗೋಡೆ ಸ್ವಚ್ಛ ಮಾಡುವ ಕೂಲಿ ನನ್ನದು.

"ಧೂಳು ಜಾಡಿಸಿ ಇಡವಾ, ನಾಳೆ ಮುಂಜಾನೆ ಹಚ್ಚತೀನಿ" ಎಂದು ಹೇಳಿ ಹೋದರು.

ಮಣ್ಣಿನ ಮನೆಯಲ್ಲೇ ಬೆಳೆದವಳು ನಾನು. ಗೋಡೆಗೆ ಏನೇ ಮೆತ್ತುವ ಮೊದಲು ನೀರು ಹೊಡೆಯಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ ಎಂದು ಅವ್ವ ಕಲಿಸಿದ್ದಳು. ಆ ಸಂಜೆ ಯಾರೂ ಹೇಳದಿದ್ದರೂ ಎರಡು ಕೊಡ ನೀರು ಹೊಡೆದೆ. ಬೆಳಗಾಗುವಷ್ಟರಲ್ಲಿ ಮೇಲೆ ಒಣಗಿತ್ತು. ಎಂಥ ಜಾಣೆ ನಾನು ಎಂದುಕೊಂಡೆ.

ಅರ್ಧ ಹಚ್ಚಿದ ಮೇಲೆ ಅವರು ಹೇಳಿದರು: "ಗ್ವಾಡಿ ಒಳಗ ಹಸಿ ಇದ್ರ ಈ ಔಷಧ ಇಳಿಯಂಗಿಲ್ಲ. ಮ್ಯಾಲೆ ಹಕ್ಕಳಿ ಕಟ್ಟಿ ಉದುರ್ತೈತಿ. ಅದಕ್ಕs ಸುಡು ಬಿಸಲಾಗ ಬಂದೀನಿ."

ಹಿಂದಿನ ಸಂಜೆಯ ಎರಡು ಕೊಡ ನೀರು ನೆನಪಾಯಿತು. ಎಲ್ಲರೆದುರು ಹೇಳಲು ನಾಚಿಕೆ, ಹೆದರಿಕೆ. ಉಳಿದರ್ಧ ಹಚ್ಚಲು ಔಷಧದ ಡಬ್ಬಿ ಎತ್ತಿಕೊಟ್ಟೆ.

ಮಳೆಗಾಲ ಮುಗಿದು ಅವರು ಮತ್ತೆ ಬಂದಾಗ ಹಚ್ಚಿದ್ದೆಲ್ಲ ಹಕ್ಕಳೆಯಾಗಿ ಉದುರಿತ್ತು. "ಇಲ್ಲಿ ಹೊಳಿ ದಂಡಿಗೆ ತಂಪು ಭಾಳ. ಈ ಔಷಧ ನಡ್ಯಂಗಿಲ್ಲ ಅಂತ ಬರೀತೀನ್ರಿ. ಬುರುಜಿನ ಆಸೆ ಬಿಡ್ರಿ" ಎಂದು ಊರ ಹಿರಿಯರಿಗೆ ಹೇಳಿ ಪುಸ್ತಕ ತೆಗೆದರು.

ಇನ್ನು ಸುಮ್ಮನಿದ್ದರೆ ಬುರುಜು ನನ್ನಿಂದಲೇ ಹೋಗುತ್ತದೆ ಅನ್ನಿಸಿತು. "ಸಾಹೇಬ್ರ, ಔಷಧದ ತಪ್ಪಲ್ರಿ" ಎಂದೆ. "ಹಚ್ಚೋ ಹಿಂದಿನ ಸಂಜಿ ನಾನs ಎರಡು ಕೊಡ ನೀರು ಹೊಡದಿದ್ನಿರಿ."

ಹಿರಿಯರು ರೇಗಿದರು. ಸಾಹೇಬರು ಮಾತ್ರ ಬರೆದದ್ದನ್ನು ಹೊಡೆದುಹಾಕಿ, "ಅವತ್ತs ಹೇಳಿದ್ರ ಒಂದು ವರ್ಷ ಉಳೀತಿತ್ತಲ್ಲವಾ" ಎಂದರು. ಅಷ್ಟೇ, ಒಂದು ಬೈಗುಳವೂ ಇಲ್ಲ.

ಮರುಬೇಸಿಗೆ ಒಣಗಿದ ಗೋಡೆಗೆ ಹೊಸದಾಗಿ ಹಚ್ಚಿ, ಬುಡದ ನೀರು ಹರಿದುಹೋಗಲು ಕಾಲುವೆ ತೋಡಿಸಿದರು. ಆ ಜಾಗ ಮಳೆ ತಡೆಯಿತು. ಆದರೆ ಅದೇ ಮಳೆಗೆ, ಮೊದಲಿನ ಲೆಕ್ಕದಂತೆ ಆ ಬೇಸಿಗೆಯಲ್ಲೇ ಹಚ್ಚಿ ಮುಗಿಯಬೇಕಿದ್ದ ಪಡುವಣ ಮಗ್ಗುಲು ಪೂರ್ತಿ ಕುಸಿಯಿತು. ಉಳಿದದ್ದಕ್ಕೆ ಆಮೇಲೆ ಹಚ್ಚಿದರು, ಈಗಲೂ ನಿಂತಿದೆ.

ಬುರುಜು ಉಳಿದದ್ದು ನೀನು ಬಾಯಿ ಬಿಟ್ಟದ್ದರಿಂದ ಎಂದು ಊರವರು ಈಗ ಹೊಗಳುತ್ತಾರೆ. ನಾನು ಹೊಲಕ್ಕೆ ಹೋಗುವ ದಾರಿ ಪಡುವಣ ಮಗ್ಗುಲಿಗೇ ಇದೆ. ಅಲ್ಲಿ ಕುಸಿದ ಮಣ್ಣಿನ ಗುಡ್ಡೆಯನ್ನು ದಿನಾ ಸುತ್ತಿಕೊಂಡೇ ಹೋಗುತ್ತೇನೆ.